ಕಾಲೇಜು ಆಟಗಾರರಿಗೆ ಸಂಬಳ ಬಂದ ಮೇಲೆ ಟೀಮ್ ನಿಷ್ಠೆ, ಕರಾರು, ಟ್ರಾನ್ಸ್‌ಫರ್: ವಕೀಲರನ್ನು ಕೇಳಿ

ಈ ವಾರ ಉತ್ತರಿಸುತ್ತಿರುವವರು ನಮ್ಮ ಗುಂಪಿನ ಸದಸ್ಯೆ. ಅಮೆರಿಕದ ಕಾಲೇಜು ಕ್ರೀಡಾಪಟುಗಳ ಕರಾರುಪತ್ರಗಳನ್ನು ಓದಿ ಸಲಹೆ ಕೊಡುವ ವಕೀಲೆ.

ಪ್ರಶ್ನೆ (ಒಬ್ಬ ತಂದೆ, ನಾಕ್ಸ್‌ವಿಲ್): ಮೇಡಂ, ನಮಸ್ಕಾರ. ಇಪ್ಪತ್ತು ವರ್ಷದಿಂದ ನಮ್ಮ ಮನೆಯಲ್ಲಿ ಶನಿವಾರ ಅಂದರೆ ಟೆನೆಸಿ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್. 2024ರಲ್ಲಿ ಟೀಮನ್ನು ಪ್ಲೇಆಫ್‌ವರೆಗೆ ಕರೆದುಕೊಂಡು ಹೋದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ನೀಕೊ ಇಯಾಮಲಿಯಾವ 2025ರ ಏಪ್ರಿಲ್‌ನಲ್ಲಿ, ಸ್ಪ್ರಿಂಗ್ ಪಂದ್ಯದ ಹಿಂದಿನ ದಿನ ಅಭ್ಯಾಸಕ್ಕೇ ಬರಲಿಲ್ಲ. ಸಂಬಳದ ಮಾತುಕತೆ ಮುರಿದುಬಿತ್ತು ಅಂತ ಪತ್ರಿಕೆಯಲ್ಲಿ ಓದಿದೆವು. ಆಮೇಲೆ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಕಾಲೇಜು ಸೇರಿದ. ನನ್ನ ಮಗ ಅವನ ನಂಬರಿನ ಜೆರ್ಸಿ ಬಿಚ್ಚಿ ಮೂಲೆಗೆ ಎಸೆದ. ದುಡ್ಡು ಬಂದು ನಿಷ್ಠೆಯನ್ನು ಕೊಂದುಹಾಕಿತು ಅಲ್ಲವೇ?

ಉತ್ತರ: ಸರ್, ಮಗನಿಗೆ ಆದ ನೋವು ನಿಜ. ಅದನ್ನು ಸಣ್ಣದು ಮಾಡುವುದಿಲ್ಲ. ಆದರೆ ನಾವು ನಿಷ್ಠೆ ಅಂದುಕೊಂಡಿದ್ದರಲ್ಲಿ ಹೆಚ್ಚಿನ ಪಾಲು ನಿಯಮದ ಕಟ್ಟುಪಾಡು. 2021ರವರೆಗೆ ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಹುಡುಗ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಬೆಂಚಿನಲ್ಲಿ ಕೂರಬೇಕಿತ್ತು. ನಾಲ್ಕೈದು ವರ್ಷದ ಆಟದ ಬದುಕಿನಲ್ಲಿ ಒಂದು ವರ್ಷ ಹೋಯಿತು ಅಂದರೆ ಯಾರು ಹೊರಡುತ್ತಾರೆ? ಕಾಲಿಗೆ ಹಗ್ಗ ಕಟ್ಟಿಸಿಕೊಂಡವನು ಅಲ್ಲೇ ನಿಂತ ಮಾತ್ರಕ್ಕೆ ಅವನಿಗೆ ಊರಿನ ಮೇಲೆ ಪ್ರೀತಿ ಇತ್ತು ಎನ್ನಲಾಗದು.

ಆ ಹಗ್ಗ ಕೋಚ್‌ಗಳ ಕಾಲಿಗೆ ಇರಲೇ ಇಲ್ಲ. 2021ರಲ್ಲಿ ಕೋಚ್ ಬ್ರಯಾನ್ ಕೆಲ್ಲಿ ನೋಟ್ರ ಡೇಮ್ ಕಾಲೇಜು ಬಿಟ್ಟು ಲೂಯಿಸಿಯಾನದ ಎಲ್‌ಎಸ್‌ಯುಗೆ ಹೋದರು. 2025ರ ನವೆಂಬರ್ ಕೊನೆಯಲ್ಲಿ ಲೇನ್ ಕಿಫಿನ್ ಓಲೆ ಮಿಸ್ (ಮಿಸಿಸಿಪಿ ವಿಶ್ವವಿದ್ಯಾಲಯ) ಟೀಮನ್ನು ಪ್ಲೇಆಫ್ ಬಾಗಿಲಲ್ಲಿ ಬಿಟ್ಟು ಅದೇ ಎಲ್‌ಎಸ್‌ಯುಗೆ ಹೊರಟರು. 2023ರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ತನ್ನ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದಾಗ ಕರಾರಿನ ಪ್ರಕಾರ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರಿಗೂ ಹೆಚ್ಚು. ಅದೇ ಟೀಮಿನ ಹುಡುಗರು 2021ರ ಮಧ್ಯದವರೆಗೆ ತಮ್ಮದೇ ಸಹಿ ಮಾರಿ ನೂರು ಡಾಲರ್ ಪಡೆದಿದ್ದರೂ ಆಡುವ ಅರ್ಹತೆಗೆ ಕುತ್ತು ಬರುತ್ತಿತ್ತು. ತನ್ನ ಹೆಸರು, ಚಿತ್ರ, ವರ್ಚಸ್ಸಿನಿಂದ ಹುಡುಗ ಸಂಪಾದಿಸಬಹುದು ಎಂದು ಆದದ್ದು 2021ರ ಜುಲೈ 1ರಂದು. ನಾವೆಲ್ಲ ಎನ್‌ಐಎಲ್ ಎನ್ನುವುದು ಅದನ್ನೇ. ಕಾಲೇಜೇ ನೇರವಾಗಿ ದುಡ್ಡು ಕೊಡಬಹುದು ಎಂದಾದದ್ದು ಇನ್ನೂ ಈಚೆಗೆ, 2025ರ ಜುಲೈ 1ರಿಂದ. ಅದಕ್ಕೆ ದಾರಿ ಮಾಡಿದ್ದು, ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ಮೇಲೆ ಆಟಗಾರರು ಹಾಕಿದ್ದ ಹೌಸ್ ಮೊಕದ್ದಮೆಯ ರಾಜಿ. ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಆ ಜೂನ್ 6ರಂದು ಒಪ್ಪಿಗೆ ಕೊಟ್ಟರು. ಹಳೆಯ ಆಟಗಾರರಿಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್ ಬಾಕಿ, ಈಗಿನವರಿಗೆ ಒಂದೊಂದು ಕಾಲೇಜು ಮೊದಲ ವರ್ಷ ಗರಿಷ್ಠ 2 ಕೋಟಿ 5 ಲಕ್ಷ ಡಾಲರ್ ಹಂಚಬಹುದು.

ನನಗೆ ಅನ್ನಿಸುವುದು ಇಷ್ಟು: ಹಗ್ಗ ಬಿಚ್ಚಿದರು, ಬದಲಿಗೆ ಕಾಲೇಜು, ಆಟಗಾರ ಇಬ್ಬರನ್ನೂ ಸರಿಸಮ ಹಿಡಿಯುವ ಕರಾರನ್ನು ಇನ್ನೂ ಸರಿಯಾಗಿ ಬರೆದಿಲ್ಲ. ನಿಮ್ಮ ಮಗ ನೋಡಿದ್ದು ಈ ನಡುವಿನ ಕಾಲವನ್ನು.

ಅದೇ ತಂದೆ: ಹಾಗಾದರೆ ಇದು ಐಪಿಎಲ್ ಹರಾಜಿನ ಹಾಗೇ ಆಯಿತಲ್ಲ ಮೇಡಂ?

ಉತ್ತರ: ಇಲ್ಲ ಸರ್, ಐಪಿಎಲ್ ಇದಕ್ಕಿಂತ ಬಿಗಿ. ಅಲ್ಲಿ ಹರಾಜಿದೆ, ರಿಟೆನ್ಷನ್ ಇದೆ, ಟೀಮ್ ಬಿಡದೆ ಆಟಗಾರ ತಾನಾಗಿ ಮುಂದಿನ ಸೀಸನ್‌ಗೆ ಇನ್ನೊಂದು ಟೀಮಿಗೆ ಜಿಗಿಯಲಾರ. ಕೋಟಿಗಳ ನಡುವೆಯೂ ಕೊಹ್ಲಿ 2008ರಿಂದ ಆರ್‌ಸಿಬಿಯಲ್ಲೇ ಇದ್ದಾರೆ. ದುಡ್ಡು ಇದ್ದ ಕಡೆ ನಿಷ್ಠೆ ಇರಲಾರದು ಅನ್ನುವ ಮಾತನ್ನು ನಾನು ಒಪ್ಪದಿರುವುದು ಅದಕ್ಕೇ. ಕಾಲೇಜು ಆಟದಲ್ಲಿ ಆಟಗಾರರ ಪರ ಕೂತು ಮಾತಾಡುವ ಸಂಘವಿಲ್ಲ. ಡಾರ್ಟ್‌ಮತ್ ಕಾಲೇಜಿನ ಬಾಸ್ಕೆಟ್‌ಬಾಲ್ ಹುಡುಗರು 2024ರ ಮಾರ್ಚ್‌ನಲ್ಲಿ 13-2 ಮತದಿಂದ ಯೂನಿಯನ್ ಬೇಕು ಅಂದರು. ಆ ವರ್ಷದ ಕೊನೆಯ ದಿನ ಅರ್ಜಿ ವಾಪಸ್ ಆಯಿತು. ಸಂಘವಿಲ್ಲದ ಕಡೆ ಸಾಮೂಹಿಕ ಒಪ್ಪಂದವಿಲ್ಲ, ಹಾಗಾಗಿ ಪ್ರತಿ ಹುಡುಗನ ಕಾಗದವೂ ಬೇರೆ.

ಪ್ರಶ್ನೆ (ಒಬ್ಬ ತಾಯಿ, ಡಲ್ಲಾಸ್ ಹತ್ತಿರ): ಮಗನಿಗೆ ಫುಟ್‌ಬಾಲ್ ಆಫರ್ ಬಂದಿದೆ. ಕರಾರು ಹದಿನೆಂಟು ಪುಟ. ಏಜೆಂಟ್ ನಾಳೆಯೇ ಸಹಿ ಹಾಕಿ ಅನ್ನುತ್ತಿದ್ದಾನೆ. ಕೋಚ್ ಫೋನಿನಲ್ಲಿ ಇನ್ನೂ ಸ್ವಲ್ಪ ಸೇರಿಸಿಕೊಡುತ್ತೇವೆ ಅಂದಿದ್ದಾರೆ. ಏನು ನೋಡಬೇಕು?

ಉತ್ತರ: ಅಕ್ಕಾ, ನಾಳೆ ಸಹಿ ಬೇಡ. ಇದನ್ನು ಕೈಮುಗಿದು ಹೇಳುತ್ತೇನೆ.

ಫೋನಿನ ಮಾತನ್ನು ಮೊದಲು ಕಾಗದಕ್ಕೆ ತನ್ನಿ. 2024ರಲ್ಲಿ ಲಾಸ್ ವೇಗಸ್‌ನ ಯುಎನ್‌ಎಲ್‌ವಿ ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಲೂಕ ಮೂರಕ್ಕೆ ಮೂರು ಪಂದ್ಯ ಗೆದ್ದ ಟೀಮನ್ನು ಸೀಸನ್ ನಡುವೆ ಬಿಟ್ಟ. ಸಹಾಯಕ ಕೋಚ್ ಒಬ್ಬರು 1 ಲಕ್ಷ ಡಾಲರಿನ ಮಾತು ಕೊಟ್ಟಿದ್ದರು, ಕೈಗೆ ಬರಲಿಲ್ಲ ಎಂಬುದು ಅವನ ಕಡೆಯವರ ವಾದ. ಕಾಲೇಜು ಒಪ್ಪಲಿಲ್ಲ. ಬರಹದಲ್ಲಿ ಇದ್ದಿದ್ದರೆ ವಾದವೇ ಬೇಕಿರಲಿಲ್ಲ. ಬರಹ ಇದ್ದರೂ ಯಾರ ಸಹಿ ಇದೆ ನೋಡಬೇಕು. ಜೇಡನ್ ರಶಾಡ ಎಂಬ ಹುಡುಗ ಫ್ಲಾರಿಡಕ್ಕೆ ಆಡುತ್ತೇನೆಂದು ಒಪ್ಪಿದ್ದು ಸುಮಾರು 1.38 ಕೋಟಿ ಡಾಲರಿನ ಕರಾರಿನ ಮೇಲೆ. ಆ ಕರಾರು ಅಭಿಮಾನಿ ದಾನಿಗಳು ದುಡ್ಡು ಕೂಡಿಸಿ ಕಟ್ಟಿದ ಸಂಸ್ಥೆಯದು, ಕಾಲೇಜಿನದಲ್ಲ. ಅದು ರದ್ದಾಯಿತು. 2024ರಲ್ಲಿ ಅವನು ಕೋಚ್ ಬಿಲ್ಲಿ ನೇಪಿಯರ್ ಮತ್ತಿತರರ ಮೇಲೆ ಕೋರ್ಟಿಗೆ ಹೋದ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಪುಟ: ಬಿಟ್ಟುಹೋದರೆ ಏನು. ಕೋಚ್‌ಗಳ ಕರಾರಿನಲ್ಲಿ ಮೊದಲಿನಿಂದ ಇದ್ದ ಬೈಔಟ್ (ಅವಧಿಗೆ ಮುಂಚೆ ಕರಾರು ಮುರಿದರೆ ತೆರಬೇಕಾದ ಹಣ) ಈಗ ಹುಡುಗರ ಕರಾರಿಗೂ ಬಂದಿದೆ. ಜಾರ್ಜಿಯಾದಿಂದ ಮಿಝೌರಿಗೆ ಹೋದ ಡೇಮನ್ ವಿಲ್ಸನ್‌ನಿಂದ ಜಾರ್ಜಿಯಾದ ಕ್ರೀಡಾ ಸಂಸ್ಥೆ ಕೇಳಿದ್ದು 3 ಲಕ್ಷ 90 ಸಾವಿರ ಡಾಲರ್. ಅವನ ಕೈಗೆ ಬಂದಿದ್ದ ದುಡ್ಡು ಅದರ ಒಂದು ಸಣ್ಣ ಪಾಲು. ಬಿಡುವುದು ತಪ್ಪಲ್ಲ, ಆದರೆ ಬಿಡುವ ಬೆಲೆ ಎಷ್ಟು ಎಂದು ಸಹಿ ಹಾಕುವ ಮುಂಚೆ ಗೊತ್ತಿರಬೇಕು.

ಹೋದ ವರ್ಷ ನನ್ನ ಮೇಜಿಗೆ ಬಂದ ಒಂದು ಕಾಗದ ಹೇಳುತ್ತೇನೆ, ಕಾಲೇಜಿನ ಹೆಸರು ಬೇಡ. ಹುಡುಗ ಹೋದರೆ ಮೊದಲ ತಿಂಗಳಿಂದ ಪಡೆದದ್ದೆಲ್ಲ ವಾಪಸ್. ಕೋಚ್ ಹೋದರೆ? ಒಂದು ಸಾಲೂ ಇಲ್ಲ. ಮಂಡಿ ಪೆಟ್ಟಾಗಿ ಸೀಸನ್ ಹೋದರೆ? ಕಾಲೇಜು ‘ತನ್ನ ವಿವೇಚನೆಯಂತೆ’ ನಿಲ್ಲಿಸಬಹುದು. ಮೂರು ಸಾಲು ಬದಲಿಸಿ ಎಂದು ನಾವು ಕೇಳಿದೆವು: ವಾಪಸ್ ಕೊಡುವುದು ಆಡದ ತಿಂಗಳುಗಳ ಮಟ್ಟಿಗೆ ಮಾತ್ರ, ಮುಖ್ಯ ಕೋಚ್ ಬದಲಾದರೆ ದಂಡವಿಲ್ಲದೆ ಹೊರಡುವ ಹಕ್ಕು, ಆಟದಲ್ಲಿ ಆದ ಪೆಟ್ಟಿಗೆ ಹಣ ನಿಲ್ಲಿಸುವಂತಿಲ್ಲ. ಎರಡು ವಾರ ಎಳೆದಾಡಿದರು, ಆಮೇಲೆ ಒಪ್ಪಿದರು. ಕೇಳದೇ ಇದ್ದಿದ್ದರೆ ಯಾರೂ ತಾವಾಗಿ ಕೊಡುತ್ತಿರಲಿಲ್ಲ. ನಿಮ್ಮ ಮಗನಿಗೂ ಈ ಮೂರನ್ನು ಕೇಳಿ.

ಏಜೆಂಟ್ ಕಮಿಷನ್ ಎಷ್ಟು ಎಂದು ಬರೆಸಿಕೊಳ್ಳಿ. ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಟಗಾರರ ಸಂಘವೇ 3 ಪರ್ಸೆಂಟ್ ಮಿತಿ ಹಾಕಿದೆ. ಕಾಲೇಜಿನಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಅಂಥ ಮಿತಿ ಇಲ್ಲ. ತೆರಿಗೆ ಮರೆಯಬೇಡಿ: ಕಾಲೇಜು ಇವನನ್ನು ನೌಕರ ಎನ್ನುವುದಿಲ್ಲ, ನೌಕರರಲ್ಲದವರಿಗೆ ಕೊಡುವ 1099 ಎಂಬ ತೆರಿಗೆ ಫಾರ್ಮ್ ಕೊಡುತ್ತದೆ. ತೆರಿಗೆ ಹಿಡಿದುಕೊಂಡು ಕೊಡುವುದಿಲ್ಲ. ಆದಾಯ ತೆರಿಗೆಯಲ್ಲದೆ ಸ್ವಉದ್ಯೋಗದ ತೆರಿಗೆ 15.3 ಪರ್ಸೆಂಟ್ ಬೇರೆ. ಬಂದ ದುಡ್ಡಿನಲ್ಲಿ ಮೂರನೇ ಒಂದು ಪಾಲನ್ನು ಮುಟ್ಟದೆ ಇಡಿ.

ಪ್ರಶ್ನೆ (ಒಬ್ಬ ತಂದೆ, ನ್ಯೂಜೆರ್ಸಿ): ಮಗಳು ಈಜುತ್ತಾಳೆ. ಅವಳಿಗೂ ಈ ದುಡ್ಡು ಬರುತ್ತದೆಯೇ?

ಉತ್ತರ: ಬಹುತೇಕ ಇಲ್ಲ ಅಂತಲೇ ಎಣಿಸಿ. ಅನೇಕ ದೊಡ್ಡ ಕಾಲೇಜುಗಳ ಹಂಚಿಕೆಯಲ್ಲಿ ಮುಕ್ಕಾಲು ಪಾಲು ಫುಟ್‌ಬಾಲಿಗೆ, ಉಳಿದದ್ದರಲ್ಲಿ ದೊಡ್ಡ ತುಂಡು ಗಂಡುಮಕ್ಕಳ ಬಾಸ್ಕೆಟ್‌ಬಾಲಿಗೆ. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ. ಬಾಕಿ ಹಣದ ಹಂಚಿಕೆಯ ಮೇಲೆ ಮಹಿಳಾ ಆಟಗಾರ್ತಿಯರು ಮೇಲ್ಮನವಿ ಹಾಕಿದ್ದೂ ಇದಕ್ಕೇ. ನಿಮಗೆ ತಟ್ಟುವುದು ರೋಸ್ಟರ್ ಮಿತಿ, ಅಂದರೆ ಟೀಮಿನಲ್ಲಿ ಎಷ್ಟು ಜನ ಇರಬಹುದು ಎಂಬ ಮಿತಿ. ಮೊದಲು ಹೆಣ್ಣುಮಕ್ಕಳ ಈಜಿಗೆ 14 ಸ್ಕಾಲರ್‌ಶಿಪ್, ಟೀಮಿನಲ್ಲಿ ಎಷ್ಟು ಜನ ಬೇಕಾದರೂ. ಈಗ ರಾಜಿಗೆ ಸೇರಿದ ಕಾಲೇಜಿನಲ್ಲಿ ಟೀಮಿಗೆ 30 ಜನ, ಅಷ್ಟೂ ಜನರಿಗೆ ಸ್ಕಾಲರ್‌ಶಿಪ್ ಕೊಡಬಹುದು. ಒಳಗೆ ನಿಂತವರಿಗೆ ಒಳ್ಳೆಯದು, ಅಂಚಿನಲ್ಲಿದ್ದವರಿಗೆ ಜಾಗವೇ ಹೋಯಿತು. ಕೋಚ್ ಹತ್ತಿರ ನೇರ ಕೇಳಿ: ‘ಮೂವತ್ತರಲ್ಲಿ ನನ್ನ ಮಗಳು ಎಷ್ಟನೆಯವಳು?’ ಐವಿ ಲೀಗ್ ನೋಡುತ್ತಿದ್ದರೆ, ಅವರು ಈ ರಾಜಿಗೆ ಸೇರಿಲ್ಲ.

ಪ್ರಶ್ನೆ (ವಿದ್ಯಾರ್ಥಿ, ಒಹಾಯೊ): ಅಕ್ಕಾ, ನಾನು ಎರಡನೇ ವರ್ಷ, ಸಿವಿಲ್ ಇಂಜಿನಿಯರಿಂಗ್, ಟ್ರ್ಯಾಕ್ ಟೀಮ್. ಬೇರೆ ಕಾಲೇಜಿಗೆ ಹೋಗಬಯಸುವ ಆಟಗಾರರ ಟ್ರಾನ್ಸ್‌ಫರ್ ಪೋರ್ಟಲ್‌ಗೆ ಹೆಸರು ಹಾಕಿ ನೋಡೋಣ ಅಂತಿದ್ದೇನೆ. ಸಿಗದಿದ್ದರೆ ಇಲ್ಲೇ ಇದ್ದರಾಯಿತು.

ಉತ್ತರ: ತಮ್ಮಾ, ‘ಇಲ್ಲೇ ಇದ್ದರಾಯಿತು’ ಅನ್ನುವುದು ನಿನ್ನ ಕೈಯಲ್ಲಿಲ್ಲ. ಹೆಸರು ಹಾಕಿದ ಮೇಲೆ ಈ ಟರ್ಮ್ ಮುಗಿಯುತ್ತಲೇ ನಿನ್ನ ಸ್ಕಾಲರ್‌ಶಿಪ್ ನಿಲ್ಲಿಸುವ ಅವಕಾಶ ಕಾಲೇಜಿಗಿದೆ.

ಇನ್ನೊಂದು. 2024ರ ಏಪ್ರಿಲ್‌ನಿಂದ ಎಷ್ಟು ಸಲ ಬೇಕಾದರೂ ಹೋಗಿ ತಕ್ಷಣ ಆಡಬಹುದು ಎಂದಾಗಿದೆ, ಆದರೆ ಓದು ಸರಿಯಿದ್ದರೆ ಮಾತ್ರ. ಮೂರನೇ ವರ್ಷ ಶುರುವಾಗುವ ಹೊತ್ತಿಗೆ ಡಿಗ್ರಿಯ 40 ಪರ್ಸೆಂಟ್ ಮುಗಿದಿರಬೇಕು, ನಾಲ್ಕನೆಯದಕ್ಕೆ 60, ಐದನೆಯದಕ್ಕೆ 80. ಇಲ್ಲಿ ಪಾಸಾದ ಎಲ್ಲ ಕ್ರೆಡಿಟ್‌ಗಳನ್ನು ಅಲ್ಲಿನ ಇಂಜಿನಿಯರಿಂಗ್ ವಿಭಾಗ ಒಪ್ಪಬೇಕೆಂದಿಲ್ಲ. ಎರಡು ಮುಖ್ಯ ಕೋರ್ಸ್ ಬಿದ್ದುಹೋದರೆ ನೀನು 40ರ ಕೆಳಗೆ. ಆಗ ಎಷ್ಟು ವೇಗವಾಗಿ ಓಡಿದರೂ ಟ್ರ್ಯಾಕಿಗೆ ಇಳಿಸುವುದಿಲ್ಲ. ನಿನ್ನ ಕಾಲೇಜಿನ ಅಕಾಡೆಮಿಕ್ ಅಡ್ವೈಸರ್ ಹತ್ತಿರ ಕೂತು ಒಂದೊಂದೇ ಕೋರ್ಸ್ ಎಣಿಸಿಕೊ, ಆಮೇಲೆ ಅಪ್ಪ ಅಮ್ಮನ ಹತ್ತಿರ ಮಾತಾಡು.

ಪ್ರಶ್ನೆ (ಒಬ್ಬ ತಾಯಿ, ಮೈಸೂರು): ಮಗಳು ಟೆನಿಸ್ ಸ್ಕಾಲರ್‌ಶಿಪ್ ಮೇಲೆ ಅಲ್ಲಿಗೆ ಬಂದಿದ್ದಾಳೆ, ಎಫ್-1 ವೀಸಾ. ಅಲ್ಲಿನ ಅಂಗಡಿಯೊಂದು ಇನ್‌ಸ್ಟಾಗ್ರಾಮ್ ಪೋಸ್ಟ್‌ಗೆ 800 ಡಾಲರ್ ಕೊಡುತ್ತದಂತೆ. ಟೀಮಿನ ಬೇರೆ ಹುಡುಗಿಯರು ಮಾಡುತ್ತಿದ್ದಾರೆ. ಮಾಡಬಹುದಾ?

ಉತ್ತರ: ಬೇಡಮ್ಮಾ. ಬೇರೆ ಹುಡುಗಿಯರು ಅಮೆರಿಕದ ನಾಗರಿಕರಿರಬಹುದು. ಅವರಿಗೆ ಇರುವ ಕಷ್ಟ 600 ಡಾಲರ್ ದಾಟಿದ ಹೊರಗಿನ ಒಪ್ಪಂದವನ್ನು ವರದಿ ಮಾಡುವುದು, ಅಷ್ಟೇ. ನಿಮ್ಮ ಮಗಳಿಗೆ ಅದು ಅನುಮತಿಯಿಲ್ಲದ ಕೆಲಸ ಎಂದಾಗಿಬಿಟ್ಟರೆ ವೀಸಾ ಹೋಗುತ್ತದೆ, ವೀಸಾ ಜೊತೆ ಟೆನಿಸ್ ಮತ್ತು ಓದು ಎರಡೂ. ಕಾಲೇಜು ಕೊಡುವ ಹಣದ ವಿಚಾರಕ್ಕೂ ಅದೇ ಎಚ್ಚರ ಇರಲಿ.

ವಿದೇಶಿ ಆಟಗಾರರು ಕಂಡುಕೊಂಡ ಒಂದು ದಾರಿ ಇದೆ. ಕೆಂಟಕಿಯ ಬಾಸ್ಕೆಟ್‌ಬಾಲ್ ಆಟಗಾರ ಆಸ್ಕರ್ ಶೀಬ್ವೆ, ಕಾಂಗೊ ದೇಶದವನು, 2022ರ ಆಗಸ್ಟ್‌ನಲ್ಲಿ ಟೀಮ್ ಬಹಾಮಾಸ್‌ಗೆ ಹೋದಾಗ ಜಾಹೀರಾತಿನ ಕೆಲಸವನ್ನು ಅಮೆರಿಕದ ನೆಲದ ಹೊರಗೆ, ಅಲ್ಲಿಯೇ ಮಾಡಿಕೊಂಡ. ನಿಮ್ಮ ಮಗಳು ಬೇಸಿಗೆ ರಜಕ್ಕೆ ಊರಿಗೆ ಬಂದಾಗ ಮೈಸೂರಿನ ಅಂಗಡಿಗೆ ಮೈಸೂರಿನಲ್ಲೇ ಮಾಡುವ ಜಾಹೀರಾತು ಇದೇ ಬಗೆಯದು. ಅದಕ್ಕೂ ಮೊದಲು ಅವಳ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿ ಮತ್ತು ಕ್ರೀಡಾ ನಿಯಮಗಳನ್ನು ನೋಡಿಕೊಳ್ಳುವ ಕಂಪ್ಲಯನ್ಸ್ ಕಚೇರಿಯಿಂದ ಇಮೇಲ್‌ನಲ್ಲಿ ಉತ್ತರ ಬರಲಿ, ಒಬ್ಬ ವಲಸೆ ವಕೀಲರೂ ನೋಡಲಿ. ಸದ್ಯಕ್ಕೆ ಆ ಅಂಗಡಿಯವರಿಗೆ ಇವತ್ತೇ ಆಗುವುದಿಲ್ಲ ಎಂದು ಬರೆಯಲಿ. ಆ ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಲಿ.

ಮೈಸೂರಿನ ತಾಯಿ: ಈಗಲೇ ಫೋನ್ ಮಾಡಿದೆ ಮೇಡಂ. ಫ್ರೀಯಾಗಿ ಶೂ ಕೊಟ್ಟರೆ ತಗೊಳ್ಳಬಹುದಾ ಅಂತ ಕೇಳುತ್ತಿದ್ದಾಳೆ.

ಉತ್ತರ: ಟೀಮ್ ಎಲ್ಲರಿಗೂ ಹಂಚುವ ಶೂ ತಗೊಳ್ಳಲಿ. ಪೋಸ್ಟ್ ಹಾಕಿದ್ದಕ್ಕೆ ಬದಲಾಗಿ ಬರುವ ಶೂ ಬೇಡ. ಅದೂ ಸಂಭಾವನೆಯೇ.