ಸಣ್ಣಜ್ಜಿಯ ಕಿವಿ ಮಿಷನ್ನು

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡಲು ನನ್ನಿಂದ ಆಗಲ್ಲ, ಫೋನಿಗೆ ಹೇಳಿ ಬರೆಸುತ್ತಿದ್ದೇನೆ. ತಪ್ಪಿದ್ದರೆ ಹೊಂದಿಸಿಕೊಂಡು ಓದಿ. ಉದ್ದ ಆಗುತ್ತದೆ, ಈಗಲೇ ಹೇಳಿರುತ್ತೇನೆ.

ಹರಿಹರದಲ್ಲಿ ಮಗನ ಮನೆಯಲ್ಲಿರುವ ಸಣ್ಣಜ್ಜಿಯನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅನ್ನುವ ವಿಷಯಕ್ಕೆ ನಿನ್ನೆಯಿಂದ ನಮ್ಮ ಮನೆಯವರ ಈ ಗ್ರೂಪಿನಲ್ಲಿ ಜಗಳವೇ ಜಗಳ. ಹುಬ್ಬಳ್ಳಿ ಮಾವ ‘ಮನೆ ಮಾತು ಬೀದಿಗೆ ತರಬೇಡಿ, ಹಿರಿಯರು ನಾಲ್ಕು ಜನ ಹೋಗಿ ಬುದ್ಧಿ ಹೇಳಿ ಬರೋಣ’ ಅಂದರು. ಬೆಂಗಳೂರಿನ ತಮ್ಮ ‘ನಾಳೆನೇ ಪೊಲೀಸ್ ಕಂಪ್ಲೇಂಟ್’ ಅಂತ ಹಾಕಿದ. ಇಬ್ಬರೂ ಅಜ್ಜಿಯನ್ನು ಮಾತ್ರ ಕೇಳಿಲ್ಲ, ಅಲ್ವಾ? ನಾನು ಭಾನುವಾರ ದಾವಣಗೆರೆಯಿಂದ ಬೆಳಗಿನ ಬಸ್ಸಿಗೆ ಹೋಗಿ ಬಂದೆ.

ಅಜ್ಜಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಾನು ಏನು ಕೇಳಿದರೂ ಸುಮ್ನೆ ನಗುವುದು. ‘ಅವರಿಗೆ ಮರೆವು ಕಣೆ, ಒಂದು ವರ್ಷದಿಂದ ಹಿಂಗೇ’ ಅಂದರು ಅತ್ತೆ, ಅಜ್ಜಿಯ ಸೊಸೆ. ನಾನೂ ಒಂದು ಗಳಿಗೆ ನಂಬಿದೆ. ಆಮೇಲೆ ತಲೆ ಬಾಚಲು ಕೂತಾಗ ಕಿವಿ ಹಿಂದಿನ ಮಿಷನ್ ಕೈಗೆ ಬಂತು. ಸೆಲ್ ಹಾಕುವ ಪುಟ್ಟ ಬಾಗಿಲು ತೆಗೆದೆ. ಒಳಗಿನ ಸೆಲ್ ಹಸಿರು ಹಿಡಿದು ಅಂಟಿಕೊಂಡಿತ್ತು. ಎಷ್ಟು ತಿಂಗಳಾಗಿತ್ತೋ. ಸತ್ತ ಮಿಷನ್ನನ್ನು ದಿನಾ ಬೆಳಗ್ಗೆ ಎದ್ದು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು ಪಾಪ.

ಹರಿಹರದಲ್ಲಿ ಮೂರು ಮೆಡಿಕಲ್ ಶಾಪ್ ತಿರುಗಿದ ಮೇಲೆ ಸಿಕ್ಕಿತು, ನೀಲಿ ಸ್ಟಿಕ್ಕರಿನ 675 ನಂಬರ್ ಸೆಲ್. ಬಟ್ಟೆಯಿಂದ ಮಿಷನ್ ಒರೆಸಿದೆ. ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು, ಹಾಗೇ ಹಾಕಿದೆ. ‘ಅಜ್ಜೀ, ಕೇಳಿಸ್ತಾ?’ ಅಂತ ಕೂಗಿದೆ. ‘ಯಾಕವ್ವಾ ಹಂಗೆ ಒದರ್ತೀಯ, ನಾನೇನು ಕಿವುಡಿನಾ?’ ಅಂದರು! ಅತ್ತೆ ಮುಖ ನೋಡಬೇಕಿತ್ತು. ಮರೆವೂ ಇಲ್ಲ ಏನೂ ಇಲ್ಲ.

ಆದರೂ ಮನೆಯಲ್ಲಿ ಅವರು ಏನೂ ಹೇಳಲಿಲ್ಲ. ಹೇಗೆ ಹೇಳುತ್ತಾರೆ? ನಾವು ಸಂಜೆ ಬಸ್ ಹತ್ತುತ್ತೇವೆ, ಅವರು ರಾತ್ರಿ ಅಲ್ಲೇ ಮಲಗಬೇಕು. ಹರಿಹರೇಶ್ವರನ ದರ್ಶನ ಮಾಡಿಸುತ್ತೇನೆ ಅಂತ ಆಟೋದಲ್ಲಿ ಕರೆದುಕೊಂಡು ಹೊರಟೆ. ದೇವಸ್ಥಾನದ ಮಂಟಪದಲ್ಲಿ ಕಲ್ಲುಕಂಬಕ್ಕೆ ಒರಗಿ ಕೂತ ಮೇಲೆ ಬಾಯಿ ಬಿಟ್ಟರು. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ಬರುತ್ತದಲ್ಲ, ಅದರ ಎಟಿಎಂ ಕಾರ್ಡ್ ಮೊಮ್ಮಗನ ಹತ್ತಿರ. ಬ್ಯಾಂಕ್ ಮೆಸೇಜ್ ಹೋಗುವುದೂ ಅವನ ಫೋನಿಗೆ. ಎಲೆ ಅಡಿಕೆಗೂ ಅವನನ್ನೇ ಬೇಡಬೇಕು. ಹೆಂಗಸರಿಗೆ ಬಸ್ ಫ್ರೀ ಇದೆ, ಬಾರಜ್ಜಿ ಅಂತ ನಾವು ಕರೆಯುತ್ತೇವೆ. ತೋರಿಸಲು ಆಧಾರ್ ಬೇಕು, ಆಧಾರ್ ಕೂಡ ಅವನ ಹತ್ತಿರವೇ ಇದೆ. ‘ಊಟ ಹಾಕ್ತಾರೆ, ಸುಳ್ಳು ಹೇಳಬಾರದು. ತಟ್ಟೆ ಇಟ್ಟು ಒಳಗೆ ಹೋಗ್ತಾರೆ. ಮಾತಾಡೋರಿಲ್ಲ’ ಅಂದರು. ಶ್ರಾವಣದಲ್ಲಿ ಕಾರಿನಲ್ಲಿ ಕರೆದುಕೊಂಡು ಹೋಗಿ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರಂತೆ. ಏನಂತ ಇವರಿಗೆ ಗೊತ್ತಿಲ್ಲ. ಕೊನೆಗೆ ನನ್ನ ಕೈ ಹಿಡಿದು, ‘ನನ್ನ ಮಗನ್ನ ಠಾಣೆ ಮೆಟ್ಟಿಲು ಹತ್ತಿಸಬ್ಯಾಡ್ರಿ’ ಅಂದರು. ತಮ್ಮಾ, ನೋಡಿದೆಯಾ.

ಮಾವ, ನೀವು ಕೋರ್ಟ್ ಅಂದರೆ ಹತ್ತು ವರ್ಷ ಅಂದಿರಿ. ಇದು ಆ ಕೋರ್ಟ್ ಅಲ್ಲ. ಹಿರಿಯ ನಾಗರಿಕರಿಗೆ ಅಂತಲೇ 2007ರ ಕಾಯ್ದೆ ಇದೆ. ಎ.ಸಿ. ಸಾಹೇಬರ, ಅಂದರೆ ಉಪವಿಭಾಗಾಧಿಕಾರಿ ಮುಂದೆ ಅರ್ಜಿ, ಅಲ್ಲಿ ಆಗದಿದ್ದರೆ ಡಿ.ಸಿ., ಅಂದರೆ ಜಿಲ್ಲಾಧಿಕಾರಿ ಹತ್ತಿರ ಮೇಲ್ಮನವಿ. ವಕೀಲರನ್ನು ಹಿಡಿಯಬೇಕಿಲ್ಲ. ಅಜ್ಜಿಗೆ ಆಗದಿದ್ದರೆ ಅವರು ಒಪ್ಪಿ ಕಳಿಸಿದವರು ಅರ್ಜಿ ಹಾಕಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಇದೆ. ಮಕ್ಕಳಿಗೆ ನೋಟಿಸ್ ಮುಟ್ಟಿದ ಮೇಲೆ 90 ದಿನದಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ.

ಆ ಹೆಬ್ಬೆಟ್ಟಿನ ಕಾಗದ ದಾನಪತ್ರ ಆಗಿದ್ದರೆ 23ನೇ ಸೆಕ್ಷನ್ ಇದೆ. ‘ನನ್ನನ್ನು ನೋಡಿಕೊಳ್ಳಬೇಕು’ ಅನ್ನುವ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಅದನ್ನು ರದ್ದು ಮಾಡಿಸಬಹುದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಬ್ಬ ತಾಯಿಗೆ ಹಾಗೆ ಆಸ್ತಿ ವಾಪಸ್ ಕೊಡಿಸಿತು. ಆದರೆ 2022ರ ಇನ್ನೊಂದು ಕೇಸಿನಲ್ಲಿ ಷರತ್ತೇ ಇಲ್ಲ ಅಂತ ತಾಯಿ ಸೋತರು. ಅದಕ್ಕೆ ಹೇಳುತ್ತೇನೆ, ಈ ಗ್ರೂಪಿನಲ್ಲಿ ಯಾರಾದರೂ ಮಕ್ಕಳಿಗೆ ಬರೆದುಕೊಡುವವರಿದ್ದರೆ ಆ ಒಂದು ಸಾಲು ಹಾಕಿಸಿ. ಮಕ್ಕಳು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ತಮ್ಮಾ, ನಿನಗೆ ಕಂಪ್ಯೂಟರ್ ಬರುತ್ತದೆ, ಆ ಮನೆಯ ಇಸಿ, ಅಂದರೆ ಋಣಭಾರ ಪತ್ರ ತೆಗೆಸು. ಪತ್ರ ರಿಜಿಸ್ಟರ್ ಆಗಿದ್ದರೆ ಅದರಲ್ಲಿ ಗೊತ್ತಾಗುತ್ತದೆ.

ಆದರೆ ಅರ್ಜಿ ಆಮೇಲಿನ ಮಾತು. ಅದನ್ನು ಹಾಕುವುದಾದರೆ ಅಜ್ಜಿಯೇ ಹೇಳಬೇಕು.

ಅದಕ್ಕೂ ಮೊದಲು ಆ ಮನೆಗೆ ಹೊರಗಿನವರ ಕಾಲು ತಪ್ಪದೆ ಬೀಳಬೇಕು. ಇದು ಇಲ್ಲಿ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಭಜನೆ ಹೆಂಗಸರ ಜೊತೆ ಓಡಾಡಿ ಕಲಿತ ಮಾತು. ಗುರುವಾರ ಗುರುವಾರ ಇಬ್ಬಿಬ್ಬರು ಒಂಟಿ ವಯಸ್ಸಾದವರ ಮನೆಗೆ ಹೋಗುತ್ತೇವೆ. ಸಂಘ ಅಲ್ಲ, ಹೆಸರೂ ಇಲ್ಲ, ಒಂದು ಹಳೇ ನೋಟ್‌ಬುಕ್ ಇದೆ ಅಷ್ಟೇ. ಒಬ್ಬ ಅಜ್ಜನ ಮನೆಯಲ್ಲಿ ಮೊದಲ ನಾಲ್ಕು ವಾರ ನಮ್ಮನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು. ಐದನೇ ವಾರ ಒಳಗೆ ಕರೆದರು. ಆ ಹೊತ್ತಿಗೆ ಅಜ್ಜನ ಹಾಸಿಗೆ ಬದಲಾಗಿತ್ತು, ಗಡ್ಡ ತೆಗೆಸಿದ್ದರು. ನಾವು ಯಾರಿಗೂ ಬುದ್ಧಿ ಹೇಳಿರಲಿಲ್ಲ. ಗುರುವಾರ ಬರುತ್ತಾರೆ ಅಂತ ಗೊತ್ತಿತ್ತು, ಅಷ್ಟೇ. ಮಾವ, ನಾಲ್ಕು ಜನ ಹಿರಿಯರು ಒಂದೇ ದಿನ ಹೋಗಿ ಬೈದು ಬಂದರೆ ಆ ಸಿಟ್ಟೆಲ್ಲ ರಾತ್ರಿ ಅಜ್ಜಿ ಮೇಲೆ ತೀರುತ್ತದೆ. ಅದೇ ನಾಲ್ಕು ಜನ ನಾಲ್ಕು ವಾರ ಒಬ್ಬೊಬ್ಬರಾಗಿ ಹೋಗಿ.

ಅತ್ತೆಯನ್ನು ರಾಕ್ಷಸಿ ಮಾಡಬೇಡಿ. ಅವರಿಗೂ ಮಂಡಿ ನೋವು. ಎರಡು ವರ್ಷದಿಂದ ತವರಿಗೆ ಹೋಗಿಲ್ಲ ಅಂತ ಅಡುಗೆಮನೆಯಲ್ಲಿ ಕಣ್ಣೀರು ಹಾಕಿದರು. ಹೋದವರು ಮೂರು ಗಂಟೆ ಅಜ್ಜಿ ಜೊತೆ ಕೂತರೆ ಅವರೂ ಹೊರಗೆ ಹೋಗಿ ಬರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯವರೂ ನೋಡಿಕೊಳ್ಳುವವರ ಹೊರೆ ಇಳಿಸಿ, ವಯಸ್ಸಾದವರ ದುಡ್ಡಿನ ವ್ಯವಹಾರಕ್ಕೆ ಆಸರೆ ಕೊಡಿ ಅಂತಲೇ ಹೇಳುವುದು. ಅವರ ಲೆಕ್ಕದಲ್ಲಿ ಅರವತ್ತು ದಾಟಿದ 6 ಜನರಲ್ಲಿ ಒಬ್ಬರಿಗೆ ವರ್ಷದಲ್ಲಿ ಒಂದಲ್ಲ ಒಂದು ಥರ ಹಿಂಸೆ ಆಗುತ್ತಿದೆ. ನಮ್ಮ ಮನೆತನದ ಮಾನ ಅಂತ ಮುಚ್ಚಿಡುವುದಕ್ಕೆ ಇದೇನು ನಮ್ಮೊಬ್ಬರದೇ ಕಥೆಯಾ?

ಹೊಡೆದರು, ಊಟ ಹಾಕಲಿಲ್ಲ ಅಂತ ಗೊತ್ತಾದರೆ ಮಾತ್ರ ಯಾರನ್ನೂ ಕಾಯಬೇಡಿ, 112ಕ್ಕೆ ಫೋನ್ ಮಾಡಿ. ಸಲಹೆಗೆ, ದೂರಿಗೆ 14567 ಇದೆ, ಹಿರಿಯರ ಸಹಾಯವಾಣಿ, ಬೆಳಗ್ಗೆ 8ರಿಂದ ರಾತ್ರಿ 8. ಉಚಿತ ಕಾನೂನು ನೆರವಿಗೆ 15100. ಮೂರೂ ನಂಬರ್ ದೊಡ್ಡ ಅಕ್ಷರದಲ್ಲಿ ಬರೆದು ಅಜ್ಜಿ ಸಂಚಿಯಲ್ಲಿ, ಸುಣ್ಣದ ಡಬ್ಬಿ ಕೆಳಗೆ ಇಟ್ಟು ಬಂದಿದ್ದೇನೆ.

ಬ್ಯಾಂಕಿಗೆ ನಾನು ಕರೆದುಕೊಂಡು ಹೋಗುತ್ತೇನೆ. ಹಳೇ ಕಾರ್ಡ್ ಬ್ಲಾಕ್ ಮಾಡಿಸಿ, ಅಜ್ಜಿಗೆ ಒಂದು ಬಟನ್ ಫೋನ್ ಕೊಡಿಸಿ, ಆ ನಂಬರನ್ನೇ ಖಾತೆಗೆ ಹಾಕಿಸುತ್ತೇನೆ. ಅಜ್ಜಿ ಒಪ್ಪಿದ್ದಾರೆ. ಮೊಮ್ಮಗನಿಗೆ ಅಲ್ಲಿಯವರೆಗೆ ತಿಳಿಯಬಾರದು, ಇದನ್ನು ಯಾರೂ ಫಾರ್ವರ್ಡ್ ಮಾಡಬೇಡಿ ದಯವಿಟ್ಟು.

ಈ ಬುಧವಾರ ಯಾರು ಹೋಗುತ್ತೀರಿ? ಮುಂದಿನ ವಾರ ಮಾವ ಬರುತ್ತಾರೆ ಅಂತ ಬರೆದುಕೊಂಡಿದ್ದೇನೆ, ಆಗಲ್ಲ ಅನ್ನಬೇಡಿ. ಒಂದು ಸೆಲ್ ಎರಡು ಮೂರು ವಾರ ಬಂದರೆ ಹೆಚ್ಚು. ತಂದ ಸೆಲ್ ಪ್ಯಾಕೆಟ್ಟಿನಲ್ಲಿ ಇನ್ನೂ ಐದು ಉಳಿದಿವೆ, ನನ್ನ ಹತ್ತಿರವೇ ಇವೆ. ಹೋಗುವವರು ಮನೆಗೆ ಬಂದು ಒಂದು ತೆಗೆದುಕೊಂಡು ಹೋಗಿ.