ಸಮುದಾಯ ಭವನಕ್ಕೆ ಗುದ್ದಲಿ ಪೂಜೆ

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಪವನ ಬರುತ್ತಿದ್ದಂತೆಯೇ ಕಿಟ್ಟಪ್ಪನ ಕಣ್ಣಿಗೆ ಬಿದ್ದದ್ದು ಅವನ ಕೊರಳು. ಹಸಿರು ದಾರ, ದಾರದ ತುದಿಗೆ ಅಂಗೈಯಗಲದ ರಟ್ಟು, ರಟ್ಟಿನ ಮೇಲೆ ಹಳದಿ ನಕ್ಷತ್ರ.

"ಯಾವ ದನದ ಜಾತ್ರೆಯಲ್ಲಿ ಬಹುಮಾನ ಬಂತೋ?"

ಹುಡುಗ ನಾಚಿಕೊಂಡು ಅದನ್ನು ಜೇಬಿಗೆ ತುರುಕಿದ. "ತೆಗೆಯುವುದು ಮರೆತಿದ್ದೆ ಅಂಕಲ್. ಬೆಳಗ್ಗೆ ಬೆಂಗಳೂರಿನಲ್ಲಿ ನಮ್ಮ ಸಂಶೋಧನಾ ವಿದ್ಯಾರ್ಥಿಗಳಿಗೆಲ್ಲ ಕಮ್ಯುನಿಟಿ ಬಿಲ್ಡಿಂಗ್ ಇತ್ತು. ಮುಗಿಸಿಕೊಂಡು ಹಾಗೆಯೇ ರೈಲು ಹತ್ತಿದೆ."

"ಎಷ್ಟು ಚದರ?"

"ಏನು?"

"ಬಿಲ್ಡಿಂಗು."

"ಕಟ್ಟಡವಲ್ಲಯ್ಯ," ಎಂದ ಶಾಮಣ್ಣ. ಬ್ಯಾಂಕಿನಿಂದ ನಿವೃತ್ತನಾದ ಮೇಲೂ ಅವನು ತರಬೇತಿ ಶಿಬಿರಗಳಲ್ಲಿ ಕೊಟ್ಟ ಕೈಪಿಡಿಗಳನ್ನು ಎಸೆದಿಲ್ಲ. "ತರಗತಿಯ ಹೊರಗೆ ವಿದ್ಯಾರ್ಥಿಗಳ ನಡುವೆ ಬಾಂಧವ್ಯ ಬೆಳೆಸುವುದು. ಬಹಳ ಅಗತ್ಯ."

"ನಾನೂ ಕಟ್ಟಿಸಿದ್ದೇನಪ್ಪ, ಇಲಾಖೆಯಲ್ಲಿದ್ದಾಗ ಹನ್ನೆರಡು ಸಮುದಾಯ ಭವನ. ಗುದ್ದಲಿ ಪೂಜೆಗೆ ಊರಿಗೆ ಊರೇ ಸೇರುತ್ತಿತ್ತು. ಉದ್ಘಾಟನೆಗೂ ಸೇರುತ್ತಿತ್ತು. ಆಮೇಲೆ ಬೀಗದ ಕೈ ಯಾರ ಹತ್ತಿರ ಇರಬೇಕು ಎಂದು ಜಗಳವಾಗಿ ಇದ್ದ ಒಂದು ಸಮುದಾಯ ಎರಡಾಗುತ್ತಿತ್ತು. ಭವನದೊಳಗೆ ಗೊಬ್ಬರದ ಮೂಟೆ ಇಡುತ್ತಿದ್ದರು."

"ಅದು ಬೇರೆ, ಇದು ಬೇರೆ."

"ಗೊತ್ತಾಗಲಿ ಮೊದಲು. ಏನೇನು ಮಾಡಿಸಿದರೋ?"

ಪವನ ಹೇಳಿದ. ವಾರದ ಹಿಂದೆಯೇ ಫಾರಂ ತುಂಬಿಸಿಕೊಂಡಿದ್ದರು. ಹತ್ತು ಗಂಟೆಗೆ ನಲವತ್ತು ಜನರನ್ನು ವೃತ್ತಾಕಾರವಾಗಿ ನಿಲ್ಲಿಸಿ ಕೈಗೊಂದು ಉಣ್ಣೆಯ ಉಂಡೆ ಕೊಟ್ಟರು. ಉಂಡೆ ಹಿಡಿದವನು ತನ್ನ ಬಗ್ಗೆ ಒಂದು ವಿಷಯ ಹೇಳಿ, ದಾರದ ತುದಿಯನ್ನು ಹಿಡಿದುಕೊಂಡು, ಉಂಡೆಯನ್ನು ಇನ್ನೊಬ್ಬನ ಕಡೆಗೆ ಎಸೆಯಬೇಕು. ಕೊನೆಗೆ ಎಲ್ಲರೂ ಒಂದೇ ಬಲೆಯಲ್ಲಿ ಬೆಸೆದುಕೊಂಡಿರುತ್ತಾರೆ.

"ಬೆಸೆದುಕೊಂಡಿರಾ?"

"ಸಿಕ್ಕಿಹಾಕಿಕೊಂಡೆವು. ಬಿಡಿಸುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು."

"ಕಂಬಿ ಕಟ್ಟುವ ಕೆಲಸ ಮುಗಿಯಿತು ಅನ್ನು. ಏನು ಹೇಳಿದರು ನಿಮ್ಮ ನಲವತ್ತು ಜನ?"

"ಎಲ್ಲರೂ ಹೆಚ್ಚುಕಡಿಮೆ ಒಂದೇ. ಪ್ರವಾಸ ಇಷ್ಟ, ಸಂಗೀತ ಇಷ್ಟ."

"ಪ್ರಬಂಧದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ಯುಜಿಸಿ ನಿಯಮದ ಪ್ರಕಾರ ವಾಪಸು ತಳ್ಳುತ್ತಾರಂತೆ. ಇಲ್ಲಿ ನೂರಕ್ಕೆ ನೂರು! ನಕ್ಷತ್ರ ಯಾತಕ್ಕೆ?"

"ಅತಿ ಹೆಚ್ಚು ಜನರ ಕೈಕುಲುಕಿದ್ದಕ್ಕೆ. ಮೂವತ್ತೆರಡು."

"ಅವರಲ್ಲಿ ಆರು ಜನರ ಹೆಸರು ಹೇಳು ನೋಡೋಣ."

ಪವನ ಕೆರೆಯ ಕಡೆಗೆ ನೋಡಿದ. ನಡುಗಡ್ಡೆಯ ಮರದ ಮೇಲೆ ಹೆಜ್ಜಾರ್ಲೆಗಳು ಒಂದನ್ನೊಂದು ತಳ್ಳಿಕೊಂಡು ಕೂರುತ್ತಿದ್ದವು. "ಕೊರಳಲ್ಲಿ ಬರೆದಿತ್ತಲ್ಲ," ಎಂದ ಮೆಲ್ಲಗೆ.

ಕಿಟ್ಟಪ್ಪ ಗೆದ್ದವನಂತೆ ಕಡಲೆಕಾಯಿಯ ಪೊಟ್ಟಣ ಬಿಚ್ಚಿದ. "ಕಾಂಕ್ರೀಟು ಹಾಕಿದ ದಿನ ಫೋಟೋ ತೆಗೆಸಿಕೊಳ್ಳುವುದಕ್ಕೆ ಎಲ್ಲರೂ ಬರುತ್ತಾರೆ ಶಾಮಣ್ಣ. ಆಮೇಲೆ 7 ದಿನವಾದರೂ ಬಿಡದೆ ನೀರು ಕಟ್ಟಬೇಕಲ್ಲ, ಅದಕ್ಕೆ ಯಾರೂ ಇರುವುದಿಲ್ಲ. 28ನೆಯ ದಿನ ಬಲ ಪರೀಕ್ಷೆ ಮಾಡಿದರೆ ಬಿಸ್ಕತ್ತು ಮುರಿದ ಹಾಗೆ ಮುರಿಯುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಹುಡುಗರನ್ನು ಸೇರಿಸಿಕೊಂಡು ಕರ್ನಾಟಕ ಸಂಘ ಕಟ್ಟಿದರು; 1919ರಲ್ಲಿ ಅದರಿಂದ 'ಪ್ರಬುದ್ಧ ಕರ್ನಾಟಕ' ಹೊರಟಿತು. ಉಣ್ಣೆ ಉಂಡೆ ಎಸೆದರೇ ಅವರು? ಅಷ್ಟೇಕೆ, ಕುವೆಂಪು ಈ ಕೆರೆಯಾಚೆಯ ಸ್ನಾತಕೋತ್ತರ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಈಗ ಇಡುವುದಾಗಿದ್ದರೆ ನಾಲೆಡ್ಜ್ ಹಬ್ ಎಂದು ಇಟ್ಟು, ಪಕ್ಕದಲ್ಲೊಂದು ಸೆಲ್ಫಿ ಪಾಯಿಂಟ್ ಮಾಡುತ್ತಿದ್ದರು."

ಕೃಷ್ಣಶಾಸ್ತ್ರಿಗಳಿಂದ ಸೆಲ್ಫಿ ಪಾಯಿಂಟಿಗೆ ಅವನು ಹೇಗೆ ಬಂದ ಎಂದು ಕೇಳಬೇಡಿ. ಕೆರೆಯ ಏರಿಯ ಮೇಲಿನ ವಾದಕ್ಕೆ ತೂಬು ಇರುವುದಿಲ್ಲ.

ನಾನೂ ಏನಾದರೂ ಹೇಳಬೇಕಲ್ಲ ಎಂದು ವಾರಾನ್ನದ ಮಾತೆತ್ತಿದೆ. ನಮ್ಮ ತಂದೆ ಇದೇ ಮೈಸೂರಿನಲ್ಲಿ ಏಳು ದಿನ ಏಳು ಮನೆಯಲ್ಲಿ ಉಂಡು ಓದಿದವರು. ಸೋಮವಾರದ ಮನೆಯ ಸಾರು ನೀರು, ಗುರುವಾರದ ಮನೆಯಲ್ಲಿ ತುಪ್ಪ. ಸಾಯುವವರೆಗೂ ಏಳು ಮನೆಯ ಮಕ್ಕಳು ಮೊಮ್ಮಕ್ಕಳ ಹೆಸರು ಅವರ ಬಾಯಲ್ಲಿತ್ತು.

"ಅದು ಸಮುದಾಯ!" ಎಂದು ಕಿಟ್ಟಪ್ಪ ತೊಡೆ ತಟ್ಟಿದ.

"ಯಾರ ಸಮುದಾಯ?" ಎಂದರು ರಮಾಮಣಿ. ಅಷ್ಟು ಹೊತ್ತೂ ಅವರು ಸುಮ್ಮನೆ ಕಡಲೆಕಾಯಿ ಸುಲಿಯುತ್ತಿದ್ದರು. "ನಿಮ್ಮ ತಂದೆಗೆ ತೆರೆದ ಏಳು ಬಾಗಿಲು ಬೇರೆ ಜಾತಿಯ ಹುಡುಗನಿಗೆ ತೆರೆಯುತ್ತಿದ್ದವೇ? ನಾನು ಎಂ.ಎಸ್ಸಿ. ಗಣಿತ ಓದುವಾಗ ನಮ್ಮ ಹಾಸ್ಟೆಲಿನ ಗೇಟು ಆರೂವರೆಗೆ ಹಾಕುತ್ತಿದ್ದರು. ನಿಮ್ಮ ಹರಟೆಯೆಲ್ಲ ಶುರುವಾಗುತ್ತಿದ್ದದ್ದೇ ಏಳಕ್ಕೆ. ಯಾವನೂ ನನಗೆ ಫಾರಂ ಕಳಿಸಲಿಲ್ಲ. ಕಳಿಸಿದ್ದರೆ ಹೋಗಿ ಉಂಡೆ ಎಸೆದು ಬರುತ್ತಿದ್ದೆ."

ಸ್ವಲ್ಪ ಹೊತ್ತು ಸಿಪ್ಪೆಯ ಸದ್ದು ಮಾತ್ರ.

"ಹುಡುಗಿಯರು ಏನು ಮಾಡುತ್ತಿದ್ದಿರಿ ಹಾಗಾದರೆ?" ಎಂದು ಪವನ ಕೇಳಿದ.

"ಬೆಳಗ್ಗೆ ಬಿಸಿನೀರಿಗೆ ಬಕೆಟ್ಟು ಹಿಡಿದು ಸಾಲು ನಿಲ್ಲುತ್ತಿದ್ದೆವು. ಒಂದು ಹಂಡೆ, ಮೂವತ್ತು ಹುಡುಗಿಯರು. ನನ್ನ ಮುಂದಿನ ಬಕೆಟ್ಟಿನವಳು ಈಗಲೂ ಯುಗಾದಿಗೆ ಫೋನು ಮಾಡುತ್ತಾಳೆ."

ಶಾಮಣ್ಣ ಸಂದರ್ಭ ನೋಡಿ ನುಗ್ಗಿದ. "ಈಗ ಗೀಸರ್ ಬಂದಿದೆ. ಸಾಲು ಇಲ್ಲ. ಅದಕ್ಕೇ ಕಾರ್ಯಕ್ರಮ ಬೇಕು. ಪಿಎಚ್.ಡಿ. ಎಂದರೆ ಕಡಿಮೆಯೆಂದರೆ 3 ವರ್ಷ, ಎಳೆದರೆ 6. ಕೋರ್ಸ್‌ವರ್ಕ್ ಮುಗಿದರೆ ತರಗತಿಯೂ ಇಲ್ಲ. ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ಪು ಕೊಟ್ಟರೆ ಹೊಟ್ಟೆ ತುಂಬುತ್ತದೆ, ಮಾತಿಗೆ ಯಾರಿರುತ್ತಾರೆ?"

ಇದು ಸರಿಯಾಗಿಯೇ ಇತ್ತು. ಕಿಟ್ಟಪ್ಪನಿಗೂ ಹಾಗೆ ಅನ್ನಿಸಿತೆಂದು ತೋರುತ್ತದೆ, ಅವನು ಮಾತು ತಿರುಗಿಸಿ, "ನೀನು ಓದುತ್ತಿರುವುದಾದರೂ ಏನೋ?" ಎಂದ.

"ಬಯೋಫಿಲ್ಮ್. ಬ್ಯಾಕ್ಟೀರಿಯಾಗಳು ಹೇಗೆ ಗುಂಪು ಕಟ್ಟಿಕೊಳ್ಳುತ್ತವೆ ಎನ್ನುವುದು. ಕಲ್ಲಿನ ಮೇಲೆ ಕಾಲಿಟ್ಟರೆ ಜಾರುವ ಲೋಳೆ ಇದೆಯಲ್ಲ, ಅದೂ ಒಂದು ಬಯೋಫಿಲ್ಮ್. ಹಲ್ಲಿನ ಮೇಲೆ ಕೂರುವ ಪದರವೂ ಅದೇ."

ನಾಲ್ಕು ವರ್ಷದಿಂದ ಸೋದರಳಿಯ 'ಏನೋ ಮೈಕ್ರೋಬಯಾಲಜಿ' ಮಾಡುತ್ತಿದ್ದಾನೆ ಎಂದು ಬಂಧುಗಳಿಗೆಲ್ಲ ಹೇಳಿಕೊಂಡು ಬಂದವನು ನಾನು. ಗುಂಪು ಕಟ್ಟುವುದನ್ನೇ ಓದುತ್ತಿದ್ದಾನೆಂದು ನನಗೂ ಅಂದೇ ಗೊತ್ತಾದದ್ದು.

"ಅವಕ್ಕೆ ಯಾರು ಕಾರ್ಯಕ್ರಮ ಮಾಡಿಸುತ್ತಾರೆ?" ಕಿಟ್ಟಪ್ಪನ ದನಿಗೆ ಜೀವ ಬಂತು.

"ಯಾರೂ ಇಲ್ಲ ಅಂಕಲ್. ಮೊದಲು ಒಂದಿಷ್ಟು ಯಾವುದಾದರೂ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಅಂಟು ಸುರಿಸಿಕೊಂಡು ಅಲ್ಲೇ ಉಳಿಯುತ್ತವೆ. ಒಂದೊಂದೂ ರಾಸಾಯನಿಕವನ್ನು ಹೊರಗೆ ಬಿಡುತ್ತಿರುತ್ತದೆ. ಅದು ಸಾಕಷ್ಟು ಸೇರಿದಾಗ, ಓಹೋ, ನಾವು ಬೇಕಾದಷ್ಟು ಜನ ಇದ್ದೇವೆ ಎಂದು ಅವಕ್ಕೆ ತಿಳಿಯುತ್ತದೆ."

"ಮೇಲ್ಮೈ ಎಂದರೆ ಕಟ್ಟೆ ಕಣಪ್ಪ! ಅಂಟಿಕೊಂಡು ಕೂರುವುದಕ್ಕೆ ಒಂದು ಕಟ್ಟೆ ಬೇಕು ಎಂದು ಕ್ರಿಮಿಗೆ ಗೊತ್ತಿದೆ. ನಿಮ್ಮ ಸಂಸ್ಥೆಯಲ್ಲಿ ಕಟ್ಟೆ ಇದೆಯೇ?"

"ಲ್ಯಾಬಿನ ಎದುರು ಒಂದಿತ್ತು. ವಾಹನ ನಿಲ್ಲಿಸಲು ಜಾಗ ಬೇಕೆಂದು ಹೋದ ವರ್ಷ ಒಡೆದರು."

ಕಿಟ್ಟಪ್ಪ ಬಾಯಿಗೆ ಎತ್ತಿದ್ದ ಕಾಳನ್ನು ಕೆಳಗಿಳಿಸಿದ. ರಮಾಮಣಿಯವರು, "ರಾತ್ರಿ ಊಟ ಯಾರ ಜೊತೆ ಮಾಡುತ್ತೀಯಪ್ಪ?" ಎಂದರು.

"ಮೊಬೈಲ್ ನೋಡುತ್ತಾ ಮುಗಿಸುತ್ತೇನೆ ಆಂಟಿ." ಆಮೇಲೆ ತಾನಾಗಿಯೇ ಸೇರಿಸಿದ: "ಇವತ್ತು ಒಬ್ಬ ಸಿಕ್ಕಿದ. ಎಲ್ಲ ಮುಗಿದ ಮೇಲೆ ಕುರ್ಚಿ ಎತ್ತಿಡುವುದಕ್ಕೆ ಯಾರೂ ಉಳಿಯಲಿಲ್ಲ. ನಾವಿಬ್ಬರೇ ಎತ್ತಿಟ್ಟೆವು. ಒಡಿಶಾದವನು. ಎರಡು ವರ್ಷದಿಂದ ಮೇಲಿನ ಮಹಡಿಯಲ್ಲೇ ಇದ್ದನಂತೆ. ಮಂಗಳವಾರ ದಾಲ್ಮಾ ಮಾಡುತ್ತೇನೆ, ಬಾ ಎಂದಿದ್ದಾನೆ."

"ಕುರ್ಚಿ ಎತ್ತಿಡುವುದನ್ನೇ ಕಾರ್ಯಕ್ರಮ ಮಾಡಬಹುದಿತ್ತು," ಎಂದು ಶಾಮಣ್ಣ ಗಂಭೀರವಾಗಿ ಹೇಳಿದ.

ಅಷ್ಟರಲ್ಲಿ ಪವನನ ಮೊಬೈಲು ಟಿಣ್ ಎಂದಿತು. ಸಂಸ್ಥೆಯಿಂದ ಅಭಿಪ್ರಾಯದ ಫಾರಂ. ಕಾರ್ಯಕ್ರಮದಿಂದ ನಿಮಗಾದ ಹೊಸ ಪರಿಚಯಗಳ ಹೆಸರು ಬರೆಯಿರಿ, ಕನಿಷ್ಠ ಐದು, ಕಡ್ಡಾಯ. ಒಡಿಶಾದವನ ಹೆಸರು ಹಾಕಿದ, ಮುಂದಕ್ಕೆ ಹೋಗಲಿಲ್ಲ.

"ನನ್ನದು ಹಾಕಿಕೊ," ಎಂದರು ರಮಾಮಣಿ. ಕಿಟ್ಟಪ್ಪನೂ ಒಪ್ಪಿದ.

"ಮಾವನ ಹೆಸರು ಹಾಕಿದರೆ ತಪ್ಪಾಗುತ್ತದೆ."

"ಏನೂ ತಪ್ಪಿಲ್ಲ. ನೀನು ಏನು ಓದುತ್ತಿದ್ದೀಯೆಂದು ಅವನಿಗೆ ತಿಳಿದು ಇನ್ನೂ ಹತ್ತು ನಿಮಿಷವಾಗಿಲ್ಲ," ಎಂದ ಕಿಟ್ಟಪ್ಪ.

ನಾಲ್ಕಾಯಿತು. ಶಾಮಣ್ಣ ಮಾತ್ರ ಒಪ್ಪಲಿಲ್ಲ. ಜೀವಮಾನವೆಲ್ಲ ಬ್ಯಾಂಕಿನಲ್ಲಿದ್ದವನು, ಸುಳ್ಳು ಲೆಕ್ಕಕ್ಕೆ ಸಹಿ ಹಾಕುವುದಿಲ್ಲವಂತೆ.

"ಬಿಡು, ಗೇಟಿನ ಹತ್ತಿರದ ಕಡಲೆಕಾಯಿಯವನನ್ನು ಹಾಕೋಣ," ಎಂದ ಕಿಟ್ಟಪ್ಪ. "ಬರೆದುಕೊ..."

ಪವನ ಬೆರಳೆತ್ತಿ ಕಾಯ್ದ. ಕಿಟ್ಟಪ್ಪ ನನ್ನ ಕಡೆ ನೋಡಿದ. ನಾನು ಶಾಮಣ್ಣನ ಕಡೆ ನೋಡಿದೆ. ಹನ್ನೊಂದು ವರ್ಷದಿಂದ ದಿನಾ ಸಂಜೆ ಅವನ ಹತ್ತಿರ ಕೊಳ್ಳುತ್ತೇವೆ. ನಾವು ಅವನನ್ನು ಕರೆಯುವುದು 'ಏನಪ್ಪಾ' ಎಂದು. ಅವನು ನಮ್ಮನ್ನು 'ಸ್ವಾಮಿ' ಎಂದು. ರಮಾಮಣಿಯವರಿಗೆ ಅವನ ಮಗಳಿಗೆ ಮದುವೆಯಾದದ್ದು ಗೊತ್ತು, ಹೆಸರು ಗೊತ್ತಿಲ್ಲ.

ಕಾವಲುಗಾರ ಶಿಳ್ಳೆ ಊದಿದ. ಕಿಟ್ಟಪ್ಪ ಪಂಚೆ ಕೊಡವಿಕೊಂಡು ಎದ್ದು, "ಅಳಿಸಬೇಡ, ಹಾಗೇ ಹಿಡಿದುಕೊಂಡಿರು," ಎಂದು ಹೇಳಿ ಗೇಟಿನ ಕಡೆಗೆ ಬಿರಬಿರನೆ ನಡೆದ. ಕಡಲೆಕಾಯಿಯವನು ಆಗಲೇ ಒಲೆಯ ಕೆಂಡ ಆರಿಸುತ್ತಿದ್ದ. ದೀಪದ ಕೆಳಗೆ ಇಬ್ಬರೂ ನಿಂತಿದ್ದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಒಂದು ಹೆಸರು ಕೇಳುವುದಕ್ಕೆ ಬಹಳ ಹೊತ್ತು ಹಿಡಿಯಿತು.