ಪ್ರಶ್ನೋತ್ತರ: ತಾನಾಗೇ ಟಿಕೆಟ್ ಮುಚ್ಚುವ ಸ್ಕ್ರಿಪ್ಟ್

ಹುಬ್ಬಳ್ಳಿ-ಧಾರವಾಡ ಐಟಿ ಗೆಳೆಯರ ಗುಂಪು. ಈ ವಾರ ಉತ್ತರಿಸುವವರು ಐಟಿ ಸರ್ವಿಸ್ ಮ್ಯಾನೇಜರ್ ಮೇಡಂ. ಉಳಿದವರ ಹೆಸರಿನ ಬದಲು ಅವರ ಊರು, ಬಡಾವಣೆ ಇದೆ.

ವಿದ್ಯಾನಗರ: ನಮಸ್ಕಾರ ಮೇಡಂ. ಆಟೊಮೇಷನ್‌ಗೆ ಯಾವ ಟೂಲ್ ಒಳ್ಳೆಯದು?

ಮೇಡಂ: ನಮಸ್ಕಾರ. ಯಾವ ಕೆಲಸಕ್ಕೆ ಅಂತ ಮೊದಲು ಬರೆಯಿರಿ. ಟೂಲ್ ಮಾತು ಆಮೇಲೆ.

ನವನಗರ: ನಮ್ಮದು ಸಣ್ಣ ಆಸ್ಪತ್ರೆ. ಬಿಲ್ಲಿಂಗ್ ಸರ್ವರ್‌ನ ಡಿಸ್ಕ್ ತುಂಬಿದರೆ ಒಂದು ಸ್ಕ್ರಿಪ್ಟ್ (ತಾನಾಗೇ ಓಡುವ ಕಮಾಂಡ್‌ಗಳ ಫೈಲ್) ಸರ್ವರ್ ಬರೆದಿಡುವ ಲಾಗ್ ದಾಖಲೆ ಅಳಿಸಿ, ಸರ್ವಿಸ್ ರೀಸ್ಟಾರ್ಟ್ ಮಾಡಿ, ಆ ದೂರಿನ ಟಿಕೆಟನ್ನೂ ಮುಚ್ಚುತ್ತದೆ. ಬರೆದ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ. ಇದನ್ನೇ ಫಾರ್ಮಸಿ ಸರ್ವರ್‌ಗೂ ಹಾಕಬಹುದಾ?

ಮೇಡಂ: ಸದ್ಯಕ್ಕೆ ಬೇಡ. ಅಳಿಸುವ ಸಾಲಿನಲ್ಲಿ ಏನಿದೆ?

ನವನಗರ: ಕೇಳದೆ ಎಲ್ಲಾ ಅಳಿಸುವ ಆರ್‌ಎಂ -ಆರ್‌ಎಫ್ ಕಮಾಂಡ್, ಲಾಗ್ ಫೋಲ್ಡರ್‌ನ ಹೆಸರು ತುಂಬುವ ವೇರಿಯಬಲ್, ಕೊನೆಗೆ ಸ್ಲ್ಯಾಶ್ ಮತ್ತು ಸ್ಟಾರ್. ಎಲ್ಲಾ ಅಧಿಕಾರ ಇರುವ ರೂಟ್ ಅಕೌಂಟಲ್ಲಿ ಓಡುತ್ತದೆ.

ಮೇಡಂ: ನನಗೆ ಭಯ ಇರುವುದು ಆ ಸಾಲಿನದೇ. ಫೋಲ್ಡರ್ ಹೆಸರು ಯಾವುದೋ ಕಾನ್ಫಿಗ್ ಫೈಲ್‌ನಿಂದ ಬರುತ್ತಿರಬೇಕು. ಫಾರ್ಮಸಿ ಸರ್ವರ್‌ನಲ್ಲಿ ಆ ಫೈಲ್ ಇಲ್ಲದಿದ್ದರೆ ವೇರಿಯಬಲ್ ಖಾಲಿ. ಉಳಿಯುವುದು ಸ್ಲ್ಯಾಶ್ ಮತ್ತು ಸ್ಟಾರ್. ಅಂದರೆ ಇಡೀ ಸರ್ವರ್ ಅಳಿಸು ಅಂತ ರೂಟ್ ಅಕೌಂಟಿಗೆ ಹೇಳಿದ ಹಾಗೆ. ವೇರಿಯಬಲ್ ಖಾಲಿ ಇದ್ದರೆ ಅಲ್ಲೇ ನಿಲ್ಲುವ ಹಾಗೆ ಮಾಡಿ. ಲಾಗ್ ಫೋಲ್ಡರ್ ಮಾತ್ರ ಮುಟ್ಟಬಲ್ಲ ಬೇರೆ ಅಕೌಂಟ್ ಕೊಡಿ. ಹಳೇ ಲಾಗ್ ತೆಗೆಯಲು ಲಿನಕ್ಸ್‌ನಲ್ಲಿ ಲಾಗ್‌ರೊಟೇಟ್ ಇದೆ, ಅದನ್ನೇ ಬಳಸಿದರೆ ಇನ್ನೂ ಒಳ್ಳೆಯದು. ಟಿಕೆಟ್ ಮುಚ್ಚುವುದನ್ನಂತೂ ಇವತ್ತೇ ತೆಗೆಯಿರಿ. ಡಿಸ್ಕ್ ಯಾಕೆ ಮತ್ತೆ ಮತ್ತೆ ತುಂಬುತ್ತಿದೆ ಅಂತ ನಿಮ್ಮಲ್ಲಿ ಒಬ್ಬರೂ ಕೇಳಿಲ್ಲ, ಯಾಕಂದ್ರೆ ಸ್ಕ್ರಿಪ್ಟ್ ಕೇಳೋಕೆ ಬಿಟ್ಟಿಲ್ಲ. ಮೂಲ ಕಾರಣ ಹುಡುಕಲು ಬೇರೆ ಪ್ರಾಬ್ಲಂ ಟಿಕೆಟ್ ತೆರೆಯಿರಿ.

ಕೇಶ್ವಾಪುರ: ಫಾರ್ವರ್ಡ್ ಬಂದಿದೆ ನೋಡಿ: "ಸರ್ವರ್ ನಿಧಾನವಾ? ಸಿಎಚ್‌ಮೋಡ್ 777 ಕೊಡಿ, ಎಲ್ಲಾ ಸರಿಹೋಗುತ್ತೆ."

ಮೇಡಂ: ಯಾರೂ ಹಾಕಬೇಡಿ. ಅದು ಫೈಲ್‌ನ ಅನುಮತಿ ಬದಲಿಸುವ ಕಮಾಂಡ್, ಅದರಿಂದ ವೇಗ ಬರಲ್ಲ. ಆ ಸರ್ವರ್‌ನ ಯಾವ ಅಕೌಂಟ್ ಬೇಕಾದರೂ ಫೈಲ್ ತಿದ್ದಬಹುದು ಅಂತ ಬಾಗಿಲು ತೆರೆದಿಟ್ಟಂತೆ. ಓದದೆ ಫಾರ್ವರ್ಡ್ ಮಾಡೋದು ನಿಲ್ಲಿಸಿ.

ಗೋಕುಲ ರೋಡ್: ಪ್ರತಿ ಬದಲಾವಣೆಗೂ ಮೀಟಿಂಗ್, ಅಪ್ರೂವಲ್ ಅಂತ ಕೂತರೆ ಕೆಲಸ ಆದಂಗೇ. ಎಲ್ಲಾ ಆಟೊಮೇಟ್ ಮಾಡಿಬಿಡಿ.

ಬೆಟಗೇರಿ: 2024ರ ಜುಲೈ 19 ಮರೆತ್ರಾ? ಸೆಕ್ಯುರಿಟಿ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಅಪ್‌ಡೇಟ್ ತಾನಾಗೇ ಹೋಗಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರ ಕೆಟ್ಟು ಕೂತವು.

ಗೋಕುಲ ರೋಡ್: ಮೀಟಿಂಗ್ ಮಾಡಿದ್ರೆ ತಪ್ಪುತ್ತಿತ್ತಾ? ಫೈಲೇ ತಪ್ಪಿತ್ತು.

ಬೆಟಗೇರಿ: ನೀವು ಪ್ರೊಡಕ್ಷನ್ ಸರ್ವರ್, ಅಂದ್ರೆ ನಿಜವಾದ ಕೆಲಸ ನಡೆಯೋ ಸರ್ವರ್ ಮುಟ್ಟಿಲ್ಲ ಅನ್ಸುತ್ತೆ.

ಗೋಕುಲ ರೋಡ್: ಮಾತು ನೆಟ್ಟಗಿರಲಿ.

ಮೇಡಂ: ಇಬ್ಬರೂ ಸಾಕು ಮಾಡ್ರಿ. ದಿನಾ ಮಾಡುವ ಸಣ್ಣ ಬದಲಾವಣೆಗೆ ಪ್ರತಿಸಲ ಮೀಟಿಂಗ್ ಬೇಡ. ಒಮ್ಮೆ ಒಪ್ಪಿಗೆ ಪಡೆದು ಸ್ಟ್ಯಾಂಡರ್ಡ್ ಚೇಂಜ್ ಅಂತ ನಡೆಸಬಹುದು. ಆದರೆ ಕ್ರೌಡ್‌ಸ್ಟ್ರೈಕ್‌ನ ಆ ಫೈಲ್ ಹಂತ ಹಂತವಾಗಿ ಹೋಗಲಿಲ್ಲ. ಮೊದಲು ಕೆಲವೇ ಯಂತ್ರಗಳಿಗೆ ಕಳಿಸಿ ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಗದಗ: ನೈಟ್ ಶಿಫ್ಟ್‌ನಲ್ಲಿ ಒಬ್ಬನೇ ಇರ್ತೀನಿ. ಎಮರ್ಜೆನ್ಸಿ ಚೇಂಜ್‌ಗೆ ಯಾರ ಒಪ್ಪಿಗೆ ತಗೋಬೇಕು?

ಸಪ್ತಾಪುರ: ಮೇಡಂ, ಆಟೊಮೇಷನ್‌ಗೆ ಬೆಸ್ಟ್ ಟೂಲ್ ಯಾವುದು?

ಮೇಡಂ: ಮೇಲೆ ಓದಿ.

ಕೇಶ್ವಾಪುರ: ಆ 777 ನಮ್ಮಲ್ಲಿ ಕೆಲಸ ಮಾಡಿತಲ್ಲ?

ಮೇಡಂ: ಮತ್ತೆ ನನ್ನನ್ನು ಯಾಕೆ ಕೇಳ್ತೀರಿ? ವಾಪಸ್ ತೆಗೆಯಿರಿ. ನವನಗರದವರೇ, ಏನಾಯ್ತು?

ನವನಗರ: ಸ್ಕ್ರಿಪ್ಟ್ ನಿಲ್ಲಿಸಿ ಲಾಗ್ ತೆರೆದೆ. ಪ್ರಿಂಟರ್ ಸಿಗ್ತಿಲ್ಲ ಅನ್ನೋ ಒಂದೇ ಎರರ್, ಪುಟಗಟ್ಟಲೆ.

ಮೇಡಂ: ಪ್ರಿಂಟರ್‌ನ ಐಪಿ ಬದಲಾಗಿದೆಯಾ ನೋಡಿ. ಡಿಸ್ಕ್‌ನಲ್ಲಿ ಈಗ ಎಷ್ಟು ಜಾಗ ಉಳಿದಿದೆ, ಅದನ್ನು ಮೊದಲು ಹೇಳಿ.